ಮುಂದಿನ ಊರಾಗ ಕೇಳ್ರಿ

ಹೊಳೆಯಲ್ಲಿ ಮುಳುಗಿದವರನ್ನು ಹುಡುಕಿ ತೆಗೆಯುವುದು ನಮ್ಮಪ್ಪನ ಕೆಲಸ ಎಂದರೆ ಜನ ಕೂತಲ್ಲೇ ಒಂದಿಷ್ಟು ಸರಿದು ಕೂರುತ್ತಾರೆ. ಅದಕ್ಕೇ ನಾನು ಹರಿಗೋಲಿನವನ ಮಗ ಎಂದಷ್ಟೇ ಹೇಳುತ್ತೇನೆ. ಅದೂ ಸುಳ್ಳಲ್ಲ. ಅಪ್ಪ ಹಂಪಿಯಲ್ಲಿ ಬುಟ್ಟಿಯಂಥ ಹರಿಗೋಲಿನಲ್ಲಿ ಪ್ರವಾಸಿಗಳನ್ನು, ರೈತರನ್ನು, ಅವರ ಮೋಟಾರ್‌ಬೈಕುಗಳನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ. ವರ್ಷಕ್ಕೆ ಕೆಲವು ಸಲ ಮಾತ್ರ ಯಾರಾದರೂ ಬಂದು ನಮ್ಮ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ಏನು, ಎತ್ತ ಎಂದು ಕೇಳದೆ ಅಪ್ಪ ಹುಟ್ಟು ಎತ್ತಿಕೊಂಡು ಹೊರಡುತ್ತಿದ್ದ.

ಇದು ನಾನು ಬಿ.ಎ. ಪಾಸಾದ ವರ್ಷದ ಮಾತು. ಪಾಸಾದೆ ಎಂದು ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ, ಮುಚ್ಚಿಡುವುದೇಕೆ? ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವರೇ ಇರಲಿಲ್ಲ. ಬೆಳಗಿನ ಬಸ್ಸಿಗೆ ಮೊದಲು ಎರಡು ಸಲ ಹೊಳೆ ದಾಟಿಸಿ, ಒದ್ದೆ ಪ್ಯಾಂಟಿನಲ್ಲೇ ಹೊಸಪೇಟೆಯ ಕಾಲೇಜಿನಲ್ಲಿ ಕೂತು ಓದಿದವನು ನಾನು. ಅದು ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಸಾಲು ತಪ್ಪದೆ ಇಳಿಯುತ್ತಿದ್ದ ಕಾಲ. ನನ್ನ ಓರಗೆಯವರೆಲ್ಲ ಲಾರಿ ಹತ್ತಿಬಿಟ್ಟಿದ್ದರು, ಕೈಯಲ್ಲಿ ಮೊಬೈಲು ಬಂದಿತ್ತು. ನನ್ನ ಕೈಯಲ್ಲಿ ಪದವಿ ಇತ್ತು, ಕೆಲಸ ಇರಲಿಲ್ಲ. ಆದರೂ ಓದದವರು ಮಾಡುವುದೆಲ್ಲ ತಪ್ಪು ಎನ್ನುವ ಒಂದು ಸೊಕ್ಕು ಹೇಗೋ ಬಂದು ಸೇರಿತ್ತು.

ಡ್ಯಾಮಿನಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿ ಹರಿಯುತ್ತಿತ್ತು. ಒಂದು ಭಾನುವಾರ ಯಶವಂತನಗರದ ಕಡೆಯ ನಾಲ್ಕೈದು ಲಾರಿ ಡ್ರೈವರುಗಳು ರಜೆ ಹಾಕಿ ಹಂಪಿಗೆ ಬಂದು ಬಂಡೆಗಳ ನಡುವೆ ಈಜಲು ಇಳಿದರು. ಒಬ್ಬ ಮೇಲೆ ಬರಲಿಲ್ಲ. ಉಳಿದವರು ಅವನ ಮನೆಗೆ ಸುದ್ದಿ ಮುಟ್ಟಿಸಿ, ಪೊಲೀಸರ ಹೆದರಿಕೆಗೆ ಊರು ಬಿಟ್ಟರು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಬಂದು ನಿಂತದ್ದು ಆ ಹುಡುಗನ ತಂದೆ.

ಗಣಿಯಲ್ಲಿ ಅದಿರು ಆರಿಸಿ ಆರಿಸಿ ಸವೆದ ಮನುಷ್ಯ. ಕಿವಿಯ ಸುತ್ತ, ಉಗುರಿನ ಸಂದಿಯಲ್ಲಿ ಕೆಂಪು ಧೂಳು ಕೂತುಬಿಟ್ಟಿತ್ತು. ಕಾಲು ತೊಳೆದುಕೊಳ್ಳಲು ಅವ್ವ ನೀರು ಕೊಟ್ಟರೆ ಅಂಗಳದಲ್ಲಿ ಹರಿದ ನೀರೂ ಕೆಂಪಾಯಿತು. ಕಣ್ಣಲ್ಲಿ ಮಾತ್ರ ಅಳು ಇರಲಿಲ್ಲ. ಅವರು ಮಗನ ಹೆಣ ಹುಡುಕಲು ಬಂದಿರಲಿಲ್ಲ, ಮಗನನ್ನು ಹುಡುಕಲು ಬಂದಿದ್ದರು.

"ಈಜು ಬರ್ತೈತ್ರಿ ಅವಂಗ," ಅಂದರು. "ಮಳಿಗಾಲದಾಗ ಗಣಿ ಹೊಂಡ ತುಂಬತಾವಲ್ಲ, ಅದರಾಗ ದಿನಾ ಈಜಾಂವ. ಎಲ್ಲೋ ದಂಡಿಗೆ ಹತ್ಯಾನ. ಹೆದರಿ ಯಾರ ಮನ್ಯಾಗರ ಕುಂತಿರಬೇಕು."

ಹುಡುಗನ ತಂದೆ, ಆ ಯಜಮಾನರು, ಅತ್ತ ತಿರುಗಿದಾಗ ಅಪ್ಪ ನನ್ನ ಕಡೆ ನೋಡಿ ಮೆಲ್ಲಗೆ ಅಂದ: "ಹೊಂಡದ ನೀರು ನಿಂತಿರ್ತೈತಿ. ಹೊಳಿ ನೀರು ಕೈ ಹಿಡಕೊಂಡು ಹೋಗ್ತೈತಿ."

ಆ ದಿನವೆಲ್ಲ ಬಂಡೆಗಳ ಬುಡದಲ್ಲಿ ಹುಡುಕಿದೆವು. ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ಕೆಳಕ್ಕೆ, ಕಂಪ್ಲಿಯ ದಿಕ್ಕಿಗೆ ಹೊರಟೆವು. ಅಪ್ಪ, ನಾನು, ಯಜಮಾನರು. ಅವರು ಹರಿಗೋಲಿನ ಒಂದು ಅಂಚಿಗೆ ಒತ್ತಿಕೊಂಡು ಕೂತರು. ನಡುವೆ ಬಂದು ಕುಂದ್ರಿ ಎಂದು ಅಪ್ಪ ಹೇಳಿದರೆ ಕೇಳಲಿಲ್ಲ. "ಬರೂವಾಗ ಅವಂಗೂ ಜಾಗ ಬೇಕಲ್ರಿ," ಅಂದರು. ಚೀಲದಲ್ಲಿ ಮಗನಿಗೆಂದು ಮಡಿಚಿ ತಂದ ಒಣ ಅಂಗಿ, ಲುಂಗಿ ಇದ್ದವು. ಆ ಖಾಲಿ ಜಾಗಕ್ಕೆ ಸರಿಹೊಂದುವಂತೆ ಅಪ್ಪ ತಾನು ಆಚೆ ಸರಿದು ಕೂತ. ಹಾಗಾಗಿ ಆ ಎರಡು ದಿನವೂ ನಾವು ನಾಲ್ವರಿರುವ ಹಾಗೆಯೇ ಹುಟ್ಟು ಹಾಕಿದೆವು.

ಹುಡುಕುವಾಗ ನಮ್ಮಲ್ಲಿ ಕೆಲವು ಕಟ್ಟುಗಳಿವೆ. ಹೋದವರ ಹೆಸರು ಹಿಡಿಯುವಂತಿಲ್ಲ. ಹೆಣ ಎನ್ನುವಂತಿಲ್ಲ. ಹಾಲು ಕುಡಿಯುವ ಕೂಸಾಗಿದ್ದರೂ 'ಅವರು' ಅನ್ನಬೇಕು. ದಡದಲ್ಲಿ ಬಟ್ಟೆ ಒಗೆಯುವವರು, ಪಂಪ್‌ಸೆಟ್ಟಿನವರು, ಮೀನು ಹಿಡಿಯುವವರು ನಮ್ಮನ್ನು ಕಂಡ ಕೂಡಲೇ "ಬಂದ್ರೇನು ಅವರು?" ಎಂದು ಕೇಳುತ್ತಾರೆ. "ಇನ್ನೂ ಇಲ್ಲ" ಎಂದು ಅಪ್ಪ ಕೈ ಆಡಿಸುತ್ತಾನೆ. ಯಜಮಾನರು ಇದನ್ನು ಕೇಳಿ ಹಿಗ್ಗಿದರು. ಮಗನಿಗೆ ಇಷ್ಟು ಮರ್ಯಾದೆ ಕೊಡುವ ಜನರನ್ನು ಅವರು ಕಂಡಿರಲಿಲ್ಲ.

ಕಣ್ಣು ನೀರಿನ ಮೇಲೆ ನೆಟ್ಟು ಕೂತರೆ ಒಂದು ಗಂಟೆಯ ಮೇಲೆ ನೀರು ಮೋಸ ಮಾಡಲು ಶುರು ಮಾಡುತ್ತದೆ. ಹುಡುಗ ಕೆಂಪು ಅಂಗಿ ತೊಟ್ಟಿದ್ದ ಎಂದಿದ್ದರು. ಎಲ್ಲಿ ನೋಡಿದರೂ ನನಗೆ ಕೆಂಪೇ. ಗೊಬ್ಬರದ ಚೀಲ, ದೇವರಿಗೆ ಬಿಟ್ಟ ಸೀರೆಯ ತುಂಡು, ಬಂಡೆಯ ಮೇಲೆ ಬಿದ್ದ ಬಿಸಿಲು. ಕೊಚ್ಚಿಕೊಂಡು ಬಂದ ಬಾಳೆಯ ದಿಂಡು ಪಕ್ಕದಲ್ಲೇ ಮಗ್ಗುಲು ಬದಲಿಸಿದಾಗ ನನ್ನ ಕೈಯಿಂದ ಹುಟ್ಟು ಜಾರಿತು. ಅಪ್ಪ ನಕ್ಕ. "ಇದರಾಗ ಫೇಲ್ ನೋಡು ನೀನು."

ಬುಕ್ಕಸಾಗರ ಮುಟ್ಟಿದಾಗ ಇಳಿಹೊತ್ತು. ಅಲ್ಲಿಯ ರೈತರು ಅಪ್ಪನ ಹಳೆಯ ಪರಿಚಯದವರು. ಭತ್ತದ ಗದ್ದೆಯಿಂದ ಕೆಸರುಗಾಲಲ್ಲೇ ಬಂದರು. ಒಗ್ಗರಣಿ ಮಂಡಕ್ಕಿ, ಮಿರ್ಚಿ, ಚಹಾ ತರಿಸಿದರು. ಒಬ್ಬ ನನ್ನ ಬೆನ್ನಿಗೆ ಗುದ್ದಿ, "ಏನಲೇ ಬಿ.ಎ., ಅಷ್ಟು ಓದಿ ಹುಟ್ಟು ಹಾಕಾಕ ಬಂದಿಯೇನು?" ಅಂದ. ಇನ್ನೊಬ್ಬ, "ಸುಮ್ನಿರೋ, ಎಂ.ಎ. ಮಾಡಿದ್ರ ಡಬಲ್ ಹುಟ್ಟು ಕೊಡ್ತಾರಂತ," ಅಂದ. ಯಜಮಾನರೂ ನಕ್ಕರು. ಆಮೇಲೆ ಎದ್ದು ನಿಂತು ಕೈ ಮುಗಿದು ಕೇಳಿದರು: "ಕೆಂಪು ಅಂಗಿ ಹುಡುಗ, ಎತ್ತರ ಅದಾನ. ಈ ಕಡಿ ಬಂದಿದ್ನೇನ್ರಿ?"

ನಗುತ್ತಿದ್ದವರಲ್ಲಿ ಹಿರಿಯರೊಬ್ಬರು ಮುಂದೆ ಬಂದು ಯಜಮಾನರ ಕೈ ಹಿಡಿದುಕೊಂಡರು. "ನಮ್ಮ ಊರಿಗೆ ಬಂದಿಲ್ರಿ ಯಜಮಾನ್ರ. ಮುಂದಿನ ಊರಾಗ ಕೇಳ್ರಿ. ಹೊಳಿ ಅಲ್ಲಿ ತಿರುಗ್ತೈತಿ ನೋಡ್ರಿ."

ಯಜಮಾನರ ಮುಖ ಅರಳಿತು. ಹೌದಲ್ಲ, ತಿರುವಿನಲ್ಲಿ ದಂಡೆ ಹತ್ತುವುದು ಸುಲಭ ಎಂದು ನನಗೆ ವಿವರಿಸಿದರು, ಹೊಳೆಯನ್ನೇ ಮೊದಲ ಸಲ ಕಂಡ ಮನುಷ್ಯ. ಅಂದು ಅಲ್ಲೇ ಉಳಿದೆವು.

ಬುಧವಾರ ಬೆಳಿಗ್ಗೆ ಮುಂದಿನ ಊರಲ್ಲೂ ಹಾಗೆಯೇ. ಬಾಳೆಯ ತೋಟದವರು ಹಣ್ಣಿನ ಒಂದು ಚಿಪ್ಪನ್ನೇ ಹರಿಗೋಲಿನಲ್ಲಿಟ್ಟರು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಮಾತಿಗೆ ಮಾತು ಬೆಳೆಸಿ, "ಮಗಗ ಮದುವಿ ಆಗೈತೇನ್ರಿ?" ಎಂದು ಕೇಳಿದಳು.

"ನೋಡಾಕ ಹತ್ತೀವವ್ವ."

"ಹಂಗಾರ ಕರಕೊಂಡು ಈ ದಾರೀಲೆ ಬರ್ರಿ. ನಮ್ಮೂರಾಗ ಕನ್ಯಾ ಭಾಳ ಅದಾವ."

"ಲಾರಿ ಡ್ರೈವರ್‌ಗೆ ಕೊಡ್ತೀರೇನು?"

"ಈಗ ಅವರಿಗೇ ಅಲ್ರೀ ಡಿಮ್ಯಾಂಡು! ಬಿ.ಎ. ಓದಿದವರಿಗೆ ಯಾರು ಕೊಡ್ತಾರ?" ಎಂದು ಅವಳು ನನ್ನ ಕಡೆ ನೋಡಿ ನಕ್ಕಳು.

ದಡವೆಲ್ಲ ನಕ್ಕಿತು. ನಾನೊಬ್ಬ ನಗಲಿಲ್ಲ. ಹರಿಗೋಲಿನ ಆ ಖಾಲಿ ಜಾಗದಲ್ಲಿ ಯಾರೋ ತಲೆ ತಗ್ಗಿಸಿ ನಾಚಿ ಕೂತಂತೆ ನನಗೆ ಅನ್ನಿಸಿತು. ಯಜಮಾನರು ಮಗನ ಬಗ್ಗೆ ಕೇಳಿದರು. ಆ ಹೆಂಗಸು ಒದ್ದೆ ಸೀರೆ ಹಿಂಡುತ್ತ, ಮುಖ ಎತ್ತದೆ ಅಂದಳು: "ಇಲ್ಲಿ ಬಂದಿಲ್ಲಣ್ಣ. ಮುಂದಿನ ಊರಾಗ ಕೇಳ್ರಿ."

ಹಗ್ಗ ಬಿಚ್ಚುವಾಗ ನಾನು ಅಪ್ಪನ ಮೇಲೆ ಸಿಡುಕಿದೆ. "ಎಲ್ಲಾರೂ ಯಾಕ ಸುಳ್ಳು ಹೇಳ್ತಾರ ಅವರಿಗೆ?"

"ಸುಳ್ಳು ಎಲ್ಲೈತಿ? ಬಂದಿಲ್ಲ ಅಂದ್ರು, ಮುಂದ ಕೇಳ್ರಿ ಅಂದ್ರು. ಎರಡೂ ಖರೇನ."

"ಆಸೆ ಹಚ್ಚಿ ಹಚ್ಚಿ ಕಳಿಸ್ತಾರ. ಇದು ಮೋಸ."

"ಹೌದಪ್ಪ, ನೀ ಓದೀದಿ," ಎಂದ ಅಪ್ಪ. ಅಷ್ಟೇ. ಅವನು ಇದನ್ನು ಚುಚ್ಚಿ ಹೇಳಿದನೋ ಒಪ್ಪಿ ಹೇಳಿದನೋ ನನಗೆ ಇವತ್ತಿಗೂ ತಿಳಿದಿಲ್ಲ.

ಹರಿಗೋಲು ಮತ್ತೆ ಸಾಗಿದ ಮೇಲೆ ಯಜಮಾನರು ಕೇಳಿದರು, "ಮುಂದ ಯಾವ ಊರು?"

"ಇನ್ನೊಂದು ಹಳ್ಳಿ ಐತ್ರಿ. ಆಮ್ಯಾಲೆ ಕಂಪ್ಲಿ."

"ಕಂಪ್ಲಿ ಆದ ಮ್ಯಾಲ?"

"ಅಲ್ಲಿಗೆ ನಮ್ಮದು ಮುಗೀತ್ರಿ. ಸೇತುವೆ ದಾಟಿದ್ರ ಬ್ಯಾರೆಯವರ ಸರಹದ್ದು."

ಯಜಮಾನರು, "ದೊಡ್ಡ ಊರಲ್ರಿ ಕಂಪ್ಲಿ. ರೈಸ್‌ಮಿಲ್ ಅದಾವ, ಬಸ್‌ಸ್ಟ್ಯಾಂಡ್ ಐತಿ. ಅಲ್ಲೇ ಇರ್ತಾನ," ಅಂದರು. ಅವರ ಆಸೆಯೆಲ್ಲ ಹೀಗೆ ಊರಿಂದ ಊರಿಗೆ ಸರಿಯುತ್ತ ಬಂದು ಕಂಪ್ಲಿಯಲ್ಲಿ ಗಟ್ಟಿಯಾಗಿ ಕೂತಿತು.

ಆ ಹಳ್ಳಿ ಇನ್ನೇನು ಬಂತು ಎನ್ನುವಾಗ ಅಪ್ಪ ಹುಟ್ಟನ್ನು ಒಂದೇ ಸಲ ಆಳಕ್ಕೆ ಹಾಕಿ ಎಳೆದ. ಹರಿಗೋಲು ಗಿರ್ರನೆ ಅರ್ಧ ಸುತ್ತು ತಿರುಗಿತು. ಯಜಮಾನರ ಬೆನ್ನು ದಡಕ್ಕಾಯಿತು, ಮುಖ ನಡುಹೊಳೆಗಾಯಿತು. ಹರಿಗೋಲು ತಿರುಗುವುದು ಹೊಸದಲ್ಲ, ಅವರು ಅಂಚು ಹಿಡಿದುಕೊಂಡು ನಕ್ಕರು. ನಾನು ದಡದ ಕಡೆ ನೋಡಿದೆ. ಪಂಪ್‌ಸೆಟ್ಟಿನ ಪೈಪು ನೀರಿಗಿಳಿಯುವಲ್ಲಿ, ಜೊಂಡಿನ ನಡುವೆ, ಅವರು ಬಂದಿದ್ದರು. ಈ ಸಲ ಕೆಂಪು ಮೋಸ ಮಾಡಲಿಲ್ಲ.

"ಹೊಟ್ಟಿ ಹಸ್ತೈತ್ರಿ ಯಜಮಾನ್ರ," ಎಂದ ಅಪ್ಪ, ದನಿಯಲ್ಲಿ ಒಂದು ಎಳೆಯೂ ಅಲುಗದಂತೆ. "ಇಲ್ಲಿ ನಮ್ಮೋರ ಮನಿ ಐತಿ. ಉಂಡು ಹೋಗೋಣ."

"ಈಗ್ತಾನೆ ಬಾಳಿಹಣ್ಣು ತಿಂದೀವಲ್ರಿ?"

"ಹಣ್ಣು ಊಟ ಆಗ್ತೈತೇನ್ರಿ? ಬರ್ರಿ, ಬರ್ರಿ."

ಹೊಳೆಗೆ ಹತ್ತಿರದ ಮೊದಲ ಮನೆ. ಒಳಗಿನಿಂದ ಅಪ್ಪನ ವಯಸ್ಸಿನ ಒಬ್ಬ ತಾಯಿ ಬಂದರು. ಅಪ್ಪ ಅವರಿಗೆ ಹೇಳಿದ್ದು ಒಂದೇ ಮಾತು: "ಯಕ್ಕಾ, ಒಬ್ಬರಿಗೆ ತಾಟು ಹಾಕು."

ಇದು ನಮ್ಮ ಕಟ್ಟುಗಳಲ್ಲಿ ದೊಡ್ಡದು. ಅವರು ಸಿಕ್ಕ ಮೇಲೆ ಮನೆಯವರಿಗೆ ತಕ್ಷಣ ಹೇಳುವುದಿಲ್ಲ. ಮೊದಲು ಹೊಟ್ಟೆ ತುಂಬ ಉಣ್ಣಿಸುತ್ತಾರೆ. ಒಮ್ಮೆ ಹೇಳಿದ ಮೇಲೆ ಆ ಮನುಷ್ಯ ಎಷ್ಟು ದಿನ ಅನ್ನ ಮುಟ್ಟುವುದಿಲ್ಲವೋ ಯಾರಿಗೆ ಗೊತ್ತು? ಅಳುವುದಕ್ಕೂ ಹೊರುವುದಕ್ಕೂ ತ್ರಾಣ ಬೇಕು. ಮೂವರು ಬಂದಾಗ ಒಂದೇ ತಾಟು ಕೇಳಿದರೆ ಹೊಳೆದಂಡೆಯ ಯಾವ ಮನೆಯಲ್ಲೂ ಮತ್ತೆ ಪ್ರಶ್ನೆ ಕೇಳುವುದಿಲ್ಲ. ಈಗಲೂ ಯಾರಾದರೂ ಗುರುತಿಲ್ಲದವರು ಒತ್ತಾಯ ಮಾಡಿ ಊಟಕ್ಕೆ ಕರೆದರೆ ನಾನು ಮೊದಲು ಎಣಿಸುವುದು ತಾಟುಗಳನ್ನು.

ಆ ತಾಯಿಯ ಕೈ ಒಂದು ಕ್ಷಣ ಬಾಗಿಲ ಚೌಕಟ್ಟಿನ ಮೇಲೆ ನಿಂತಿತು. ಮರುಕ್ಷಣ, "ಬರ್ರಿ ಅಣ್ಣಾರ, ಕೈಕಾಲು ತೊಳಕೊಳ್ರಿ. ಅನ್ನ ಬಿಸಿ ಐತಿ," ಎಂದು ನಗುತ್ತ ಒಳಗೆ ಕರೆದರು. "ಹರಗೋಲು ಕಟ್ಟಿ ಬರ್ತೀನಿ" ಎಂದು ಅಪ್ಪ ಇಬ್ಬರು ಗಂಡಸರನ್ನು ಕರೆದುಕೊಂಡು ಹೊಳೆಗೆ ಹೋದ. ನನ್ನ ಪಕ್ಕ ದಾಟುವಾಗ, "ಅವರು ಕೈ ತೊಳಿಯೂತನ ಬಾಯಿ ಬಿಡಬ್ಯಾಡ" ಅಂದ.

ಯಜಮಾನರು ಉಂಡರು. ಎರಡು ದಿನದಿಂದ ಚಹಾ, ಮಂಡಕ್ಕಿಯ ಮೇಲೆ ಇದ್ದವರು. ಬಿಸಿ ಅನ್ನ, ಪುಂಡಿಪಲ್ಯ, ಶೇಂಗಾ ಚಟ್ನಿ. "ನಮ್ಮ ಹುಡುಗಗ ಪುಂಡಿಪಲ್ಯ ಅಂದ್ರ ಪಂಚಪ್ರಾಣ ನೋಡವ್ವ," ಅಂದರು. ಆ ತಾಯಿ ತಲೆ ಬಗ್ಗಿಸಿ ಇನ್ನೊಂದಿಷ್ಟು ಬಡಿಸಿದರು. ನಾನು ಗೋಡೆಗೆ ಆತು ಕೂತಿದ್ದೆ. ಹೊಳೆಯ ಕಡೆಯಿಂದ ಗಂಡಸರ ದನಿ ಕೇಳುತ್ತಿತ್ತು. ಹಗ್ಗ ಕೊಡು, ಹಿಡಿ, ಮೆಲ್ಲಗ.

"ತಮ್ಮಾ," ಯಜಮಾನರು ನನ್ನ ಕಡೆ ತಿರುಗಿದರು. ಕೈಯಲ್ಲಿ ಕಲಸಿದ ತುತ್ತು ಇತ್ತು. "ನಿಮ್ಮಪ್ಪ ಮಾತಾಡೂದಿಲ್ಲ. ಊರಾನ ಮಂದಿ ಮುಂದ ಕೇಳ್ರಿ ಅಂತಾರ. ನೀ ಓದಿದಾಂವ, ನಿನಗ ತಿಳೀತೈತಿ. ಖರೆ ಹೇಳು. ಕಂಪ್ಲ್ಯಾಗ ಸಿಗ್ತಾನಲ್ಲ?"

ಆ ತಾಯಿ ಯಜಮಾನರ ಬೆನ್ನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಬ್ಯಾಡ ಎಂದು ಕಣ್ಣಲ್ಲೇ ಹೇಳಿದರು. ನನಗೆ ಗೊತ್ತಾಯಿತು. ಆದರೆ ಓದಿದವನು ಎಂದು ನಂಬಿ ಕೇಳಿದವರಿಗೆ ನಾನೂ ಆ ಊರುಗಳ ಹಾಗೆ ಉತ್ತರ ಕೊಟ್ಟರೆ, ಓದಿದ್ದು ಯಾತಕ್ಕೆ ಅನ್ನಿಸಿತು. ಎರಡು ದಿನ ಒಳಗೇ ಕುದಿದದ್ದು ಹೊರಗೆ ಬಂತು.

"ಕಂಪ್ಲಿಗೆ ಹೋಗೂದು ಬ್ಯಾಡ್ರಿ," ಅಂದೆ.

ಇಷ್ಟೇ ಹೇಳಿದ್ದು. ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು, ಆ ತಾಯಿಯನ್ನು ನೋಡಿದರು, ಆಮೇಲೆ ತಾಟನ್ನು ನೋಡಿದರು. ಎದ್ದವರೇ ಹೊಳೆಯ ಕಡೆ ಓಡಿದರು. "ಕೈ ತೊಳಕೊಳ್ರೀ ಅಣ್ಣಾ," ಎಂದು ಆ ತಾಯಿ ತಂಬಿಗೆ ಹಿಡಿದು ಹಿಂದೆಯೇ ಓಡಿದರು. ಯಾರೂ ಅವರನ್ನು ತಡೆಯಲು ಆಗಲಿಲ್ಲ. ಗಂಡಸರು ಆಗಷ್ಟೇ ದಡಕ್ಕೆ ತಂದಿದ್ದರು, ಇನ್ನೂ ಬಟ್ಟೆ ಹೊದಿಸಿರಲಿಲ್ಲ. ನೀರಲ್ಲಿ ಮೂರು ದಿನ ಇದ್ದವರನ್ನು ತಂದೆಯಾದವನಿಗೆ ಹಾಗೆ ತೋರಿಸುವುದಿಲ್ಲ. ಅಪ್ಪ ಮುಖ ಮುಚ್ಚಲು ಟವೆಲ್ಲು ಬಿಚ್ಚುವಷ್ಟರಲ್ಲಿ ಯಜಮಾನರು ಮಗನ ಮೇಲೆ ಬಿದ್ದರು.

ಆ ಕೆಂಪು ಅಂಗಿಯ ಮೇಲೆಲ್ಲ ಅನ್ನದ ಅಗುಳು ಅಂಟಿದವು. ಇದನ್ನು ನಾನು ನಿದ್ದೆಯಲ್ಲಿ ಕಾಣುತ್ತೇನೆ ಎಂದರೆ ಸುಳ್ಳಾದೀತು. ಎಚ್ಚರದಲ್ಲೇ ಕಾಣುತ್ತೇನೆ, ಉಣ್ಣುವಾಗ.

ಅಪ್ಪ ನನ್ನನ್ನು ಬೈಯಲಿಲ್ಲ. ಪೊಲೀಸರು ಬಂದು ಪಂಚನಾಮೆ ಬರೆದಾಗ, "ಓದಿದವರು ಯಾರದಾರ, ಸಹಿ ಹಾಕ್ರಿ" ಎಂದರು. ನಾನು ಹೆಸರಿನ ಮುಂದೆ ಬಿ.ಎ. ಎಂದು ಬರೆದೆ. ಅಷ್ಟು ಕಷ್ಟಪಟ್ಟು ಗಳಿಸಿದ ಆ ಎರಡು ಅಕ್ಷರ ಮೊದಲ ಸಲ ಸರ್ಕಾರಿ ಕಾಗದದ ಮೇಲೆ ಬಿದ್ದದ್ದು ಅಲ್ಲಿ.

ಹೊಸಪೇಟೆಯ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಯಜಮಾನರು ಹೊರಗಿನ ಕಟ್ಟೆಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ಎಂಜಲು ಕೈ ಹಾಗೇ ಒಣಗಿತ್ತು. ನೀರು ಕೊಟ್ಟರೂ ಕುಡಿಯಲಿಲ್ಲ. ಊರಲ್ಲಿರುವ ಅವರ ಹೆಂಡತಿಗೆ ನೆರೆಮನೆಯ ಫೋನಿನಲ್ಲಿ ಸುದ್ದಿ ಹೇಳಿಬಿಡಲೇನು ಎಂದು ಅಪ್ಪ ಕೇಳಿದ. ಅವರು ಬೇಡವೆಂದು ತಲೆ ಆಡಿಸಿ, ನನ್ನ ಕಡೆ ಬೆರಳು ಮಾಡಿದರು.

"ನನಗ ಹೇಳಿದಾಂವ ನೀನ. ಆಕಿಗೂ ನೀನ ಹೋಗಿ ಹೇಳು."

ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ನಾನು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದೆ.

ಸಂಡೂರಿನ ಬಸ್ಸು ಹಿಡಿದು, ಅಲ್ಲಿಂದ ಯಶವಂತನಗರಕ್ಕೆ ಇನ್ನೊಂದು ಹತ್ತಿ, ಇಳಿದಾಗ ದೀಪ ಹಚ್ಚುವ ಹೊತ್ತು. ಮರದ ಎಲೆಗಳು, ಹಂಚು, ಮಲಗಿದ್ದ ನಾಯಿ ಎಲ್ಲದರ ಮೇಲೂ ಕೆಂಪು. ಸಾಲುಮನೆಗಳ ಕೊನೆಯ ಮನೆ, ರಸ್ತೆಗೆ ಅಂಟಿಕೊಂಡೇ ಇತ್ತು. ಹುಡುಗನ ತಾಯಿ ಬಾಗಿಲಲ್ಲೇ ಕೂತಿದ್ದರು. ನಾನು ಹಂಪಿಯ ಹರಿಗೋಲಿನವರ ಮಗ ಎಂದೆ. ಎದ್ದು ನಿಂತರು.

"ಸಿಕ್ಕನೇನಪ್ಪ?"

ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡೆ. "ಭಾಳ ಹಸಿವಾಗೈತಿ ಅವ್ವ. ಏನರ ಐತೇನು?" ಅಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಳಗೆ ಹೋಗಿ ಎರಡು ರೊಟ್ಟಿ ಬಡಿದು, ಬೇಳೆಯ ಪಲ್ಯ ಬಿಸಿ ಮಾಡಿ ತಾಟಿಗೆ ಹಾಕಿದರು. ನಾನು ಮುಟ್ಟಲಿಲ್ಲ.

"ಉಣ್ಣು."

"ನೀವು ಉಂಡೀರೇನು?"

"ನಂದು ಇರ್ಲಿ."

"ನೀವು ಉಂಡ್ರ ನಾನು."

"ಎಂಥಾ ಹಟಮಾರಿ ಅದೀಯೋ," ಎಂದು ಗೊಣಗುತ್ತ ಕೂತು ಒಂದು ರೊಟ್ಟಿ ಮುರಿದರು. ನಾನೂ ಮುರಿದೆ. ಪ್ರತಿ ತುತ್ತನ್ನೂ ನೀರು ಕುಡಿದು ನೂಕಿದೆ. ನಾನು ತುತ್ತು ಎತ್ತಿದಾಗ ಅವರೂ ಎತ್ತುತ್ತಿದ್ದರು, ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಿದ್ದರು. ರೊಟ್ಟಿ ಮುಗಿಯಿತು. ಅವರು ಕೈ ತೊಳೆದು, ನನ್ನ ಕೈಗೂ ನೀರು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಎದುರು ಬಂದು ಕೂತರು.

"ಈಗ ಹೇಳಪ್ಪ."

ಹೊರಗೆ ಲಾರಿಯೊಂದು ಬಂತು. ಗೂಡಿನಲ್ಲಿದ್ದ ಪಾತ್ರೆಗಳು ಗಡಗಡ ಅಂದವು. ಅದು ದಾಟಲಿ ಎಂದು ಕಾದೆ. ಅದರ ಹಿಂದೆಯೇ ಇನ್ನೊಂದು ಬಂತು, ಮತ್ತೊಂದು. ಆ ರಸ್ತೆಯಲ್ಲಿ ಸಾಲು ಮುಗಿಯುವುದೇ ಇಲ್ಲ ಎಂದು ಆಗ ತಿಳಿಯಿತು. ಮುಂದಕ್ಕೆ ಬಾಗಿ, ಆದಷ್ಟು ಮೆಲ್ಲಗೆ ಹೇಳಿದೆ.

ಅವರು ಕಿವಿಯನ್ನು ನನ್ನ ಕಡೆ ಮಾಡಿ, "ಆಂ?" ಅಂದರು.

ಎರಡನೆಯ ಸಲ ಕೂಗಿ ಹೇಳಬೇಕಾಯಿತು.